ಸಹಿ ನಿಮ್ಮದು, ಕೊನೆಯ ಮಾತು ಅಮ್ಮನದು

(ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ. ಒಂದು, ನಾವೀಗ ಕೂತಿರುವ ಯಲಹಂಕದ ಪುಟ್ಟೇನಹಳ್ಳಿ. ಇದರ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಇನ್ನೊಂದು ಊರಿನ ಆ ತುದಿಯಲ್ಲಿ, ಜೆ.ಪಿ. ನಗರ 7ನೇ ಹಂತದಲ್ಲಿದೆ. ಆಟೋದವರಿಗೆ ಯಾವ ಪುಟ್ಟೇನಹಳ್ಳಿ ಎಂದು ಬಿಡಿಸಿ ಹೇಳದಿದ್ದರೆ ನಾವು ಸೇರುವುದು ಬೇರೆ ಊರಿಗೇ.

2021ರ ಜೂನ್ 12ರ ರಾತ್ರಿ ಅದೇ ಜೆ.ಪಿ. ನಗರ 7ನೇ ಹಂತದಲ್ಲಿ ಒಂದು ಬೈಕು ಅಪಘಾತಕ್ಕೀಡಾಯಿತು. ಹಿಂದೆ ಕೂತಿದ್ದವರು ಸಂಚಾರಿ ವಿಜಯ್. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಹುಡುಗ, 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಕನ್ನಡದ ನಟ. ಎರಡು ದಿನ ಕಳೆದ ಮೇಲೆ ವೈದ್ಯರು ಇನ್ನು ಆಸೆಯಿಲ್ಲ ಎಂದರು. ಮನೆಯವರು ಅತ್ತರು. ಅಳುತ್ತಲೇ ಒಂದು ನಿರ್ಧಾರ ಮಾಡಿದರು. ವಿಜಯ್ ಅವರ ಮೂತ್ರಪಿಂಡ, ಯಕೃತ್ತು, ಹೃದಯದ ಕವಾಟ, ಕಣ್ಣುಗಳು ಬೇರೆಯವರ ಬದುಕಿಗೆ ಹೋದವು.

ಅಂಗಾಂಗ ದಾನ ದೊಡ್ಡದು ಎಂದು ನಿಮಗೆ ಹೇಳಲು ನಾನು ಇಲ್ಲಿಗೆ ಬರಬೇಕಿರಲಿಲ್ಲ. ಅದು ನಿಮಗೆಲ್ಲ ಗೊತ್ತು. ಅಂಗಾಂಗ ದಾನದ ಕಾರ್ಡು ಇದೆಯಾ ಎಂದು ಕೇಳಿದರೆ ನಿಮ್ಮಲ್ಲಿ ಕೆಲವರಾದರೂ ಕೈ ಎತ್ತೀರಿ. ಆದರೆ ಆ ಕಾರ್ಡಿನ ವಿಷಯ ನಿಮ್ಮ ತಾಯಿಗೆ ಗೊತ್ತೆ? ಈಗ ಎಷ್ಟು ಕೈ ಮೇಲೆ ಉಳಿಯುತ್ತವೆ, ನೀವೇ ನೋಡಿಕೊಳ್ಳಿ. ನಾನು ಮಾತಾಡಬೇಕೆಂದಿರುವುದು ಇದೊಂದರ ಬಗ್ಗೆಯೇ.

ಕಾನೂನು ಯಾರನ್ನು ಕೇಳುತ್ತದೆ?

ನಮ್ಮ ದೇಶದಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಆ ನಿಯಮಗಳಲ್ಲಿ ಎರಡು ಅರ್ಜಿ ನಮೂನೆಗಳಿವೆ. ನಮೂನೆ 7 ಎಂದರೆ 'ನಾನು ಸತ್ತ ಮೇಲೆ ನನ್ನ ಅಂಗಗಳನ್ನು ಬಳಸಿಕೊಳ್ಳಿ' ಎಂದು ಹದಿನೆಂಟು ತುಂಬಿದ ಯಾರಾದರೂ ಬರೆದುಕೊಡುವ ಪ್ರತಿಜ್ಞೆ. ಅದಕ್ಕೆ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಬಂಧುವಾಗಿರಬೇಕು. ನಮೂನೆ 8 ಎಂದರೆ ಸಾವಿನ ನಂತರ ಮನೆಯವರು ಕೊಡುವ ಒಪ್ಪಿಗೆ.

ನೀವು ನಮೂನೆ 7ಕ್ಕೆ ಸಹಿ ಹಾಕಿರಬಹುದು. ಮೊಬೈಲಿನಲ್ಲಿ ಆಧಾರ್ ಕೊಟ್ಟು ಎರಡು ನಿಮಿಷದಲ್ಲಿ ನೋಂದಣಿ ಮಾಡಿಸಿರಬಹುದು. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಮನೆಯವರ ಒಪ್ಪಿಗೆಯಿಲ್ಲದೆ ಯಾವ ಶಸ್ತ್ರಚಿಕಿತ್ಸಕನೂ ಚಾಕು ಎತ್ತುವುದಿಲ್ಲ. ನಿಮ್ಮ ತಂದೆ ಅಥವಾ ತಾಯಿ 'ಬೇಡ' ಎಂದರೆ ಮುಗಿಯಿತು. ನಿಮ್ಮ ಕಾರ್ಡು ಪರ್ಸಿನಲ್ಲೇ ಉಳಿಯುತ್ತದೆ.

ಇದರಲ್ಲಿ ತಂದೆತಾಯಿಯ ತಪ್ಪಿಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಟ ಮಗ ಮಧ್ಯಾಹ್ನ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಾನೆ. ಆ ಹೊತ್ತಿನಲ್ಲಿ ಯಾರೋ ಅಪರಿಚಿತರು ಬಂದು 'ಅಂಗಾಂಗ ದಾನ ಮಾಡ್ತೀರಾ' ಎಂದು ಕೇಳಿದರೆ, ಮೊದಲ ಬಾರಿಗೆ ಆ ಪದವನ್ನೇ ಕೇಳುತ್ತಿರುವ ತಾಯಿ ಏನು ಹೇಳಬೇಕು? ಅದೇ ತಾಯಿಗೆ 'ನನ್ನ ಮಗ ಹಿಂದೆ ಒಮ್ಮೆ ಊಟಕ್ಕೆ ಕೂತಾಗ ಇದನ್ನೇ ಹೇಳಿದ್ದ' ಎಂಬ ನೆನಪು ಇದ್ದರೆ, ಆಗ ಅದು ಅವಳ ತಲೆಯ ಮೇಲಿನ ಹೊರೆಯಲ್ಲ, ಮಗನ ಕೊನೆಯ ಆಸೆ.

ತುಮಕೂರು ರಸ್ತೆಯಲ್ಲಿ ಆಡಿದ ಮಾತು

2016ರ ಫೆಬ್ರವರಿ. ಗುಬ್ಬಿ ಕಡೆಯ ಹರೀಶ್ ಎಂಬ ಯುವಕ. ಬೆಂಗಳೂರಿನಲ್ಲಿ ಕೆಲಸ. ಊರಿಗೆ ಹೋಗಿ ಪಂಚಾಯ್ತಿ ಚುನಾವಣೆಯಲ್ಲಿ ಮತ ಹಾಕಿ ಬೈಕಿನಲ್ಲಿ ವಾಪಸ್ ಬರುತ್ತಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲಿ ಅವನು ಸುತ್ತ ನಿಂತವರಿಗೆ ಹೇಳಿದ್ದು, ತನ್ನ ಅಂಗಗಳನ್ನು ದಾನ ಮಾಡಿ ಎಂದು. ಹೆಲ್ಮೆಟ್ ಹಾಕಿದ್ದರಿಂದ ಕಣ್ಣುಗಳು ಉಳಿದಿದ್ದವು. ಅವು ದಾನವಾದವು. ರಾಜ್ಯ ಸರ್ಕಾರ ಅದೇ ವರ್ಷ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಅವನ ಹೆಸರನ್ನೇ ಇಟ್ಟಿತು.

ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ನೀವೆಲ್ಲ ಎಷ್ಟು ಸಲ ಓಡಾಡಿದ್ದೀರಿ. ಅಲ್ಲಿ ಆ ದಿನ ಕೆಲಸ ಮಾಡಿದ್ದು ಕಾರ್ಡಲ್ಲ, ಬಾಯಿಂದ ಬಂದ ಮಾತು. ಆ ಮಾತನ್ನು ಹೇಳಲು ರಸ್ತೆಯಲ್ಲಿ ಬೀಳುವವರೆಗೆ ಕಾಯಬೇಕಾಗಿಲ್ಲ. ಇವತ್ತು ರಾತ್ರಿ, ಅಡುಗೆ ಮನೆಯಲ್ಲಿ ನಿಂತು ಹೇಳಬಹುದು.

ಇನ್ನೊಂದು ಮಾತು. ದಾನಿಯಾಗುವುದಕ್ಕಿಂತ ಮೊದಲು ಬದುಕುವುದು ನಿಮ್ಮ ಕರ್ತವ್ಯ. ಬೈಕಿನ ಮುಂದೆ ಕೂತರೂ ಹಿಂದೆ ಕೂತರೂ ಹೆಲ್ಮೆಟ್ ಹಾಕಿ. ದಾನ ಮಾಡಲಿಕ್ಕೆಂದು ಯಾರೂ ಸಾಯಬೇಕಾಗಿಲ್ಲ.

'ನಿಷ್ಕ್ರಿಯ' ಎಂಬ ಪದದ ಅನಾಹುತ

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಇದು ಕನ್ನಡದ ಪತ್ರಿಕೆ ಓದುವವರ ಸಭೆ, ಆದ್ದರಿಂದ ಹೇಳಲೇಬೇಕು.

ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಮನೆಯಲ್ಲಿ ತೀರಿಕೊಂಡವರಿಂದ ಪಡೆಯಲು ಆಗುವುದಿಲ್ಲ. ಆಸ್ಪತ್ರೆಯಲ್ಲಿ, ವೆಂಟಿಲೇಟರ್ ಮೇಲಿರುವಾಗ ಮಿದುಳು ಕಾಂಡ ಸತ್ತುಹೋದವರಿಂದಲೇ ಪಡೆಯಬೇಕು. ಇದನ್ನು ಇಂಗ್ಲಿಷಿನಲ್ಲಿ 'ಬ್ರೈನ್ ಡೆತ್' ಎನ್ನುತ್ತಾರೆ. ಡೆತ್ ಎಂದರೆ ಸಾವು. ನಮ್ಮ ಕನ್ನಡ ಪತ್ರಿಕೆಗಳು ಏನು ಬರೆಯುತ್ತವೆ? 'ಮೆದುಳು ನಿಷ್ಕ್ರಿಯಗೊಂಡ ಯುವಕ' ಎಂದು. ನಿಷ್ಕ್ರಿಯವಾದ ಬ್ಯಾಂಕ್ ಖಾತೆ ಮತ್ತೆ ಚಾಲೂ ಆಗುತ್ತದೆ. ನಿಷ್ಕ್ರಿಯವಾದ ಸಂಘ ಮತ್ತೆ ಸಕ್ರಿಯವಾಗುತ್ತದೆ. ಹಾಗಿದ್ದ ಮೇಲೆ ನಿಷ್ಕ್ರಿಯವಾದ ಮೆದುಳು ನಾಳೆ ಸಕ್ರಿಯವಾಗಬಾರದೇಕೆ ಎಂದು ಆ ತಾಯಿ ಕೇಳುತ್ತಾಳೆ. ಅವಳ ಪ್ರಶ್ನೆ ನ್ಯಾಯವಾದದ್ದು. ತಪ್ಪು ನಮ್ಮ ಪದದಲ್ಲಿದೆ.

ಅದು ಸಾವು. 'ಮಿದುಳು ಸಾವು' ಎಂದೇ ಹೇಳೋಣ. ಪ್ರಜ್ಞೆ ತಪ್ಪಿ ಕೋಮಾದಲ್ಲಿರುವವರ ಮಿದುಳಿಗೆ ರಕ್ತ ಹರಿಯುತ್ತಿರುತ್ತದೆ, ಅವರಲ್ಲಿ ಕೆಲವರು ಚೇತರಿಸಿಕೊಳ್ಳುತ್ತಾರೆ. ಮಿದುಳು ಕಾಂಡ ಸತ್ತವರು ಚೇತರಿಸಿಕೊಳ್ಳುವುದಿಲ್ಲ. ಉಸಿರಾಟವನ್ನು ನಡೆಸುವ ಕೇಂದ್ರವೇ ಅಲ್ಲಿ ಹೋಗಿಬಿಟ್ಟಿರುತ್ತದೆ. ಎದೆ ಏರಿಳಿಯುವುದು ಕಾಣುತ್ತದೆ, ಆದರೆ ಗಾಳಿ ಊದುತ್ತಿರುವುದು ಯಂತ್ರ. ಹೃದಯಕ್ಕೆ ತನ್ನದೇ ಮಿಡಿತ ಇರುವುದರಿಂದ ಆ ಗಾಳಿ ಸಿಗುವಷ್ಟು ಹೊತ್ತು ಅದು ಬಡಿಯುತ್ತದೆ. ಮೈ ಬೆಚ್ಚಗಿರುತ್ತದೆ. ಮಗ ಮಲಗಿದ್ದಾನೆ ಎಂದೇ ತಾಯಿಗೆ ಕಾಣುತ್ತದೆ. ಕೆಲವು ಗಂಟೆಗಳಲ್ಲೋ ಕೆಲವು ದಿನಗಳಲ್ಲೋ ಆ ಹೃದಯವೂ ನಿಲ್ಲುತ್ತದೆ.

ಇದನ್ನು ಒಬ್ಬ ವೈದ್ಯ ತನ್ನಿಷ್ಟದಂತೆ ಹೇಳಿಬಿಡುವಂತಿಲ್ಲ. ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ಕನಿಷ್ಠ ಆರು ಗಂಟೆ ಬಿಟ್ಟು ಮತ್ತೆ ಎಲ್ಲ ಪರೀಕ್ಷೆ ಮಾಡಬೇಕು. ಯಂತ್ರದ ನೆರವು ತೆಗೆದಾಗ ಸ್ವಂತ ಉಸಿರು ಬರುತ್ತದೆಯೇ ಎಂದೂ ನೋಡಬೇಕು. ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿ ಇರುವಂತಿಲ್ಲ.

ಇಷ್ಟನ್ನು ನಮ್ಮ ಜನಕ್ಕೆ ಅವರ ಮಾತಿನಲ್ಲಿ ಹೇಳುವವರು ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಮಾತು ಇಂಗ್ಲಿಷಿನಲ್ಲಿ ಶುರುವಾಗಿ ಹಿಂದಿಯಲ್ಲಿ ಮುಗಿಯುವುದುಂಟು. ದೊಡ್ಡಬಳ್ಳಾಪುರದ ರೈತನಿಗೆ, ಗೌರಿಬಿದನೂರಿನ ತಾಯಿಗೆ ಸಾವಿನ ಸುದ್ದಿಯನ್ನಾದರೂ ಕನ್ನಡದಲ್ಲಿ ಹೇಳಬೇಡವೆ? ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದನ್ನು ವಿವರಿಸುವವರು ಕನ್ನಡದಲ್ಲಿ ಮಾತಾಡಲಿ ಎಂದು ನಾವು ಕೇಳುವುದು ಬೋರ್ಡು ಬರೆಸುವ ಹಟವಲ್ಲ. ಅರ್ಥವಾಗದೆ ಹಾಕಿದ ಸಹಿ ಒಪ್ಪಿಗೆಯಲ್ಲ. ಅರ್ಥವಾಗದೆ ಹೇಳಿದ 'ಬೇಡ' ಕೂಡ ನಿಜವಾದ 'ಬೇಡ' ಅಲ್ಲ.

ಬೇಡರ ಕಣ್ಣಪ್ಪನಿಂದ ಅಪ್ಪುವರೆಗೆ

ಕಣ್ಣಿನ ವಿಷಯ ಬೇರೆ. ಕಣ್ಣಿಗೆ ವೆಂಟಿಲೇಟರ್ ಬೇಡ, ಮಿದುಳು ಸಾವು ಬೇಡ. ಮನೆಯಲ್ಲಿ ವಯಸ್ಸಾಗಿ ತೀರಿಕೊಂಡ ಅಜ್ಜನೂ ಕಣ್ಣು ಕೊಡಬಹುದು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು, ಅಷ್ಟೆ. ಕನ್ನಡಕ ಹಾಕಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ, ಪೊರೆಯ ಆಪರೇಷನ್ ಆಗಿದ್ದರೂ ಅಡ್ಡಿಯಿಲ್ಲ. ರೇಬೀಸ್, ಎಚ್.ಐ.ವಿ., ಹೆಪಟೈಟಿಸ್‌ನಂಥ ಸೋಂಕಿದ್ದರೆ ಮಾತ್ರ ಬಳಸುವುದಿಲ್ಲ.

ಅಣ್ಣಾವ್ರು ನಾಯಕರಾಗಿ ಬಂದ ಮೊದಲ ಚಿತ್ರ 1954ರ 'ಬೇಡರ ಕಣ್ಣಪ್ಪ'. ಶಿವನಿಗೆ ಕಣ್ಣು ಕಿತ್ತುಕೊಡುವ ಭಕ್ತನ ಕಥೆ. ನಾಲ್ಕು ದಶಕದ ನಂತರ, 1994ರಲ್ಲಿ, ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರನಿಧಿ ಶುರುವಾಯಿತು. ಅಲ್ಲಿ ಅವರು ತಮ್ಮ ಕಣ್ಣಿನ ಜೊತೆಗೆ ತಮ್ಮ ಕುಟುಂಬದವರ ಕಣ್ಣನ್ನೂ ದಾನ ಮಾಡುವುದಾಗಿ ಎಲ್ಲರೆದುರು ಹೇಳಿದರು. 2006ರ ಏಪ್ರಿಲ್ 12ರಂದು ಅವರು ಹೋದಾಗ ಈ ಊರು ಹೊತ್ತಿ ಉರಿಯುವಂತಾಗಿತ್ತು. ಬಸ್ಸುಗಳು ನಿಂತವು, ಕಲ್ಲು ತೂರಾಟ ನಡೆಯಿತು. ಅಂಥ ಗದ್ದಲದ ನಡುವೆಯೂ ಅವರ ಕಣ್ಣುಗಳು ಹೊತ್ತಿಗೆ ಸರಿಯಾಗಿ ದಾನವಾದವು. ಹೇಗೆ? ಮನೆಯಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷ ಮೊದಲೇ ಮಾತು ಆಗಿಹೋಗಿತ್ತು.

2017ರಲ್ಲಿ ಪಾರ್ವತಮ್ಮನವರ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರು ದಿನ ಇರುವಾಗ, ಪುನೀತ್ ಹೋದರು. ಅವರ ವಯಸ್ಸು 46. ಆ ಆಘಾತದಲ್ಲೂ ಮನೆಯವರು ತಡ ಮಾಡಲಿಲ್ಲ. ಡಾ. ಭುಜಂಗ ಶೆಟ್ಟಿಯವರ ತಂಡ ಒಂದೊಂದು ಕಾರ್ನಿಯಾವನ್ನೂ ಮೇಲಿನ ಪದರ, ಕೆಳಗಿನ ಪದರ ಎಂದು ಬಿಡಿಸಿ, ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟಿತು. ಆಮೇಲೆ ನಾಡಿನ ಹಳ್ಳಿ ಹಳ್ಳಿಯಲ್ಲಿ ಯುವಕರು ಕಣ್ಣು ಬರೆದುಕೊಡಲು ಸಾಲು ನಿಂತರು. ಆ ಸಾಲಿನಲ್ಲಿ ನಿಂತವರಿಗೆ ನನ್ನದು ಒಂದೇ ಪ್ರಶ್ನೆ: ಅಪ್ಪುವಿನ ಪಟಕ್ಕೆ ಹಾರ ಹಾಕಿದಿರಿ, ಸಂತೋಷ. ಅಪ್ಪುವಿನ ಮನೆಯಲ್ಲಿ ಆದ ಮಾತು ನಿಮ್ಮ ಮನೆಯಲ್ಲಿ ಆಗಿದೆಯೆ?

ಕಣ್ಣಿನಂತೆಯೇ ಚರ್ಮವನ್ನೂ ಸತ್ತ ಆರು ಗಂಟೆಯೊಳಗೆ ಕೊಡಬಹುದು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮನಿಧಿ ಇದೆ. ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಮೇಲ್ಪದರ ತೆಗೆಯುತ್ತಾರೆ. ಸುಟ್ಟಗಾಯದಿಂದ ನರಳುವವರಿಗೆ ಅದು ತಾತ್ಕಾಲಿಕ ಹೊದಿಕೆಯಾಗಿ ಜೀವ ಉಳಿಸುತ್ತದೆ.

ಮನೆಯಲ್ಲಿ ಕೇಳುವ ಪ್ರಶ್ನೆಗಳು

ನೀವು ಮಾತು ತೆಗೆದ ಕೂಡಲೇ ಪ್ರಶ್ನೆಗಳು ಬರುತ್ತವೆ. ಬರಲಿ. ಬಯ್ಯಬೇಡಿ, ನಗಬೇಡಿ, ಉತ್ತರ ಕೊಡಿ.

'ಬಿಡ್ತು ಅನ್ನು, ಸಾವಿನ ಮಾತು ಯಾಕೆ?' ಎಂದು ಅಮ್ಮ ಹೇಳುತ್ತಾಳೆ. ಬಿಡ್ತು ಎನ್ನಿ. ಎರಡು ದಿನ ಬಿಟ್ಟು ಮತ್ತೆ ಮಾತಾಡಿ.

'ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರಂತೆ' ಎಂದು ಅಜ್ಜಿ ಹೇಳುತ್ತಾಳೆ. ಕಣ್ಣು ಕಿತ್ತುಕೊಟ್ಟ ಕಣ್ಣಪ್ಪನಿಗೆ ಶಿವ ಏನು ಮಾಡಿದ ಎಂದು ಅಜ್ಜಿಯನ್ನೇ ಕೇಳಿ. ಕಥೆ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು.

'ದೇಹ ವಿಕಾರವಾಗುತ್ತದೆ' ಎನ್ನುತ್ತಾರೆ. ಇಲ್ಲ. ಆಪರೇಷನ್ ಮಾಡಿದಂತೆಯೇ ಮಾಡಿ ಹೊಲಿದು ಕೊಡುತ್ತಾರೆ. ಸಂಸ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ.

'ಇದರಲ್ಲಿ ದುಡ್ಡಿನ ದಂಧೆ ಇದೆ' ಎನ್ನುತ್ತಾರೆ ಅಪ್ಪ. ಅವರ ಅನುಮಾನಕ್ಕೆ ಕಾರಣವಿದೆ. 1995ರಲ್ಲಿ ಇದೇ ಬೆಂಗಳೂರಿನಲ್ಲಿ ಬಡವರ ಕಿಡ್ನಿ ಮಾರಾಟದ ಜಾಲ ಬಯಲಾಗಿ ದೇಶವೇ ಬೆಚ್ಚಿತ್ತು. ಆದರೆ ಆ ದಂಧೆ ನಡೆದದ್ದು ಬದುಕಿರುವವರ ಕಿಡ್ನಿಯ ಮೇಲೆ. ಈಗ ಅಂಗ ಮಾರಿದರೂ ಕೊಂಡರೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ. ಸತ್ತವರ ಅಂಗ ಯಾರಿಗೆ ಹೋಗಬೇಕು ಎಂಬುದನ್ನು ರಾಜ್ಯದ 'ಜೀವಸಾರ್ಥಕತೆ' ಸಂಸ್ಥೆ ಕಾಯುವವರ ಪಟ್ಟಿ ನೋಡಿ ತೀರ್ಮಾನಿಸುತ್ತದೆ. ಸತ್ತವರ ಅಂಗಗಳು ಹೆಚ್ಚು ಸಿಕ್ಕಷ್ಟೂ ಬಡವನ ಹೊಟ್ಟೆ ಕೊಯ್ಯುವ ದಲ್ಲಾಳಿಗೆ ಕೆಲಸ ಕಡಿಮೆಯಾಗುತ್ತದೆ.

'ಕಸಿ ಶ್ರೀಮಂತರಿಗೆ ತಾನೆ?' ಎಂದರೆ, ಅದರಲ್ಲಿ ಅರ್ಧ ನಿಜವಿದೆ. ಖಾಸಗಿ ಆಸ್ಪತ್ರೆಯ ಖರ್ಚು ಲಕ್ಷಗಳಲ್ಲಿದೆ. ಬಡ ಕುಟುಂಬಗಳ ಕಸಿ ಖರ್ಚಿಗೆ ಸರ್ಕಾರದ ಯೋಜನೆ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಸಿ ಹೆಚ್ಚಲಿ ಎಂದು ಹೋರಾಡುವುದು ನಮ್ಮದೇ ಕೆಲಸ. ಆದರೆ ಆ ಹೋರಾಟ ಮುಗಿಯಲಿ, ಆಮೇಲೆ ಕೊಡುತ್ತೇವೆ ಎಂದರೆ ಅಲ್ಲಿಯವರೆಗೆ ಕಾಯುವ ಶಕ್ತಿ ಪಟ್ಟಿಯಲ್ಲಿರುವವರಿಗಿಲ್ಲ.

ಕೊಡುವವರು ಯಾರು?

ಒಂದು ಲೆಕ್ಕ ಹೇಳುತ್ತೇನೆ. 2023ರಲ್ಲಿ ಇಡೀ ದೇಶದಲ್ಲಿ 18,378 ಕಸಿಗಳು ನಡೆದವು. ಸತ್ತ ಮೇಲೆ ಅಂಗ ಕೊಟ್ಟವರು 1,099 ಜನ ಮಾತ್ರ. ಹಾಗಾದರೆ ಉಳಿದ ಅಂಗಗಳು ಎಲ್ಲಿಂದ ಬಂದವು? ಬದುಕಿರುವವರಿಂದ. ಅಂಥವರಲ್ಲಿ ಹೆಚ್ಚಿನವರು ಯಾರು ಗೊತ್ತೆ? ತಾಯಂದಿರು, ಹೆಂಡಂದಿರು. ಪಡೆದವರು ಯಾರು? 1995ರಿಂದ 2021ರವರೆಗಿನ 36,640 ಕಸಿಗಳಲ್ಲಿ ಮಹಿಳೆಯರಿಗೆ ಸಿಕ್ಕಿದ್ದು 6,945 ಮಾತ್ರ. ಗಂಡಸರ ದೇಹಕ್ಕೆ ಕಷ್ಟ ಬಂದಾಗ ಮನೆಯ ಹೆಂಗಸು ಬದುಕಿರುವಾಗಲೇ ಕಿಡ್ನಿ ಕೊಡುತ್ತಾಳೆ. ಗಂಡಸರಾದ ನಾವು ಸತ್ತ ಮೇಲೂ ಕೊಡಲು ಹಿಂದೆ ಮುಂದೆ ನೋಡುತ್ತೇವೆ!

ಆ ವರ್ಷ ಕರ್ನಾಟಕದಲ್ಲಿ ಮರಣಾನಂತರ ದಾನಿಗಳಾದವರು 178 ಜನ. ದೇಶದಲ್ಲಿ ಮುಂಚೂಣಿ ಎಂದು ಹೆಮ್ಮೆಪಡಬಹುದು. ಆದರೆ ಹತ್ತು ಲಕ್ಷ ಜನಕ್ಕೆ ಮೂವರೂ ಆಗಲಿಲ್ಲ. ಸ್ಪೇನ್ ದೇಶದಲ್ಲಿ ಹತ್ತು ಲಕ್ಷಕ್ಕೆ 40ಕ್ಕೂ ಹೆಚ್ಚು. ಅಲ್ಲಿ 1979ರ ಕಾನೂನಿನ ಪ್ರಕಾರ ಬೇಡ ಎನ್ನದವರೆಲ್ಲ ದಾನಿಗಳೇ. ಆದರೂ ಅಲ್ಲಿ ಪ್ರತಿ ಮನೆಯವರನ್ನೂ ಕೂರಿಸಿ ಕೇಳುತ್ತಾರೆ. ಹಾಗೆ ಕೇಳಲೆಂದೇ ತರಬೇತಿ ಪಡೆದವರನ್ನು ಆಸ್ಪತ್ರೆಗಳಲ್ಲಿ ಇಟ್ಟಿದ್ದಾರೆ. ಕಾನೂನು ಎಷ್ಟೇ ಬಿಗಿಯಾಗಿದ್ದರೂ ಮನೆಯವರೊಡನೆ ಮಾತಾಡದೆ ಕೆಲಸ ಆಗುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದಾರೆ. ನೆರೆಯ ತಮಿಳುನಾಡು 2023ರಿಂದ ಅಂಗ ದಾನಿಗಳ ಅಂತ್ಯಸಂಸ್ಕಾರವನ್ನು ಸರ್ಕಾರಿ ಗೌರವದೊಂದಿಗೆ ಮಾಡುತ್ತಿದೆ. ನೀರಿನ ವಿಷಯಕ್ಕೆ ನಾವು ಅವರ ಜೊತೆ ಜಗಳವಾಡಿದ್ದು ಸಾಕಷ್ಟಿದೆ. ಇಂಥ ವಿಷಯದಲ್ಲಿ ಪೈಪೋಟಿ ಮಾಡೋಣ.

ಬಡವರು ಕೊಡುವುದಿಲ್ಲ, ಓದದವರಿಗೆ ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಚಿಕ್ಕಮಗಳೂರನ್ನು ನೆನಪಿಸಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಬಸ್ಸಿನಿಂದ ಬಿದ್ದು ಮಿದುಳು ಸತ್ತ ಒಬ್ಬ ಪಿ.ಯು. ವಿದ್ಯಾರ್ಥಿನಿಯ ಅಂಗಗಳನ್ನು ಕೊಡಲು ಅವಳ ತಂದೆತಾಯಿ ಒಪ್ಪಿದರು. ಕೂಲಿ ಮಾಡಿ ಬದುಕುವ ಮನೆ ಅದು. ಅವಳ ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹಾರಿ ಬಂತು. ದೇಹದಿಂದ ತೆಗೆದ ಹೃದಯಕ್ಕೆ ಇರುವ ಸಮಯ ನಾಲ್ಕರಿಂದ ಆರು ಗಂಟೆ. 2025ರ ಸೆಪ್ಟೆಂಬರಿನಲ್ಲಿ ಗೊರಗುಂಟೆಪಾಳ್ಯದಿಂದ ಸಂಪಿಗೆ ರಸ್ತೆಗೆ ಒಂದು ಹೃದಯ ನಮ್ಮ ಮೆಟ್ರೋದಲ್ಲೇ ಹೋಯಿತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸೈರನ್ ಕೇಳಿದರೆ ಬೈಕನ್ನು ಪಕ್ಕಕ್ಕೆ ತೆಗೆಯಿರಿ. ಅದರೊಳಗೆ ಅಂಥ ಒಂದು ಪೆಟ್ಟಿಗೆ ಇದ್ದರೂ ಇರಬಹುದು.

ನಿಮ್ಮಿಂದ ಆಗಬೇಕಾದ ಕೆಲಸ

ನಾಲ್ಕು ಕೆಲಸ ಹೇಳುತ್ತೇನೆ.

ಮೊದಲನೆಯದು, ಈ ವಾರದೊಳಗೆ ಮನೆಯಲ್ಲಿ ಮಾತು. ನಿಮ್ಮ ಮನೆ ಮಾತು ತೆಲುಗಾಗಿರಲಿ, ಉರ್ದುವಾಗಿರಲಿ, ತಮಿಳಾಗಿರಲಿ, ಆ ಮಾತಿನಲ್ಲೇ ಹೇಳಿ. ನಿಮ್ಮ ಇಷ್ಟ ಹೇಳಿ, ಅವರ ಇಷ್ಟವನ್ನೂ ಕೇಳಿ. ಅವರು ಬೇಡ ಎಂದರೆ ಅದೂ ಅವರ ಹಕ್ಕು.

ಎರಡನೆಯದು, ಆಮೇಲೆ ನೋಂದಣಿ. 'ಜೀವಸಾರ್ಥಕತೆ'ಯಲ್ಲಾಗಲಿ, ರಾಷ್ಟ್ರೀಯ ಸಂಸ್ಥೆ 'ನೊಟ್ಟೋ'ದಲ್ಲಾಗಲಿ ಮಾಡಿಸಿ. ಅನುಮಾನವಿದ್ದರೆ 1800 11 4770ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಹದಿನೆಂಟು ತುಂಬದವರು ಮೊದಲನೆಯ ಕೆಲಸ ಮಾಡಿದರೆ ಸಾಕು. ಅವರ ವಿಷಯದಲ್ಲಿ ನಿರ್ಧಾರ ತಂದೆತಾಯಿಯದೇ.

ಮೂರನೆಯದು, ಕಾಲೇಜಿನಲ್ಲಿ ಪ್ರಚಾರ. ಆಗಸ್ಟ್ 3 ಅಂಗಾಂಗ ದಾನ ದಿನ. ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಾಕ್ಷಿಕ. ನವೆಂಬರಿನಲ್ಲಿ ಗಲ್ಲಿಗೊಂದು ರಾಜ್ಯೋತ್ಸವ. ಆರ್ಕೆಸ್ಟ್ರಾದ ಪಕ್ಕದಲ್ಲಿ ಒಂದು ಮೇಜು ಹಾಕಿ, ಕನ್ನಡದ ಒಂದು ಪುಟದ ಕರಪತ್ರ ಇಡಿ. ಅದರಲ್ಲಿ 'ಮಿದುಳು ಸಾವು' ಎಂದು ಬರೆಯಿರಿ, 'ನಿಷ್ಕ್ರಿಯ' ಎಂದು ಬರೆಯಬೇಡಿ. ಸಂಜೆಗೆ ಎಷ್ಟು ಕಾರ್ಡು ತುಂಬಿಸಿದಿರಿ ಎಂದು ಎಣಿಸಬೇಡಿ. ಎಷ್ಟು ಜನ ಮನೆಗೆ ಹೋಗಿ ಮಾತಾಡಿದರು ಎಂದು ಮುಂದಿನ ವಾರ ಕೇಳಿ.

ನಾಲ್ಕನೆಯದು, ಮಾಡಬಾರದ ಕೆಲಸ. ಯಾರದೋ ಮನೆಯಲ್ಲಿ ಅಪಘಾತವಾದಾಗ ಆಸ್ಪತ್ರೆಗೆ ನುಗ್ಗಿ ದಾನ ಮಾಡಿ ಎಂದು ಒತ್ತಾಯಿಸಬೇಡಿ. ಆ ಕೆಲಸಕ್ಕೆ ತರಬೇತಿ ಪಡೆದ ಕಸಿ ಸಂಯೋಜಕರು ಇದ್ದಾರೆ. ಮನೆಯಲ್ಲಿ ಸಾವಾಗಿ, ಅವರೇ ಕಣ್ಣು ಕೊಡುತ್ತೇವೆ ಎಂದರೆ ಮಾತ್ರ ನೆರವಾಗಿ: ನೇತ್ರನಿಧಿಗೆ ಬೇಗ ಫೋನ್ ಮಾಡಿ, ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ. ಕಣ್ಣು ತೆಗೆಯುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಇವತ್ತು ಇಲ್ಲಿಂದ ಹೊರಡುವಾಗ ಯಾರೂ ಫಾರಂ ತುಂಬಿಸಬೇಕಾಗಿಲ್ಲ. ಸುಮ್ಮನೆ ಮನೆಗೆ ಹೋಗಿ. ಊಟ ಬಡಿಸುವಾಗ ಹೇಳಿ. ಫಾರಂ ನಾಳೆ ತುಂಬಿಸಿದರಾಯಿತು.